ಎಲ್ಮರಪ್ಪನ ಚಿಮಣಿ

ನೀವು ನನ್ನನ್ನು ಊಟಕ್ಕೆ ಕರೆಯುವವರಿದ್ದರೆ ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ನಿಮ್ಮ ಹೊಸ ಸೋಫಾ ನೋಡುವುದಿಲ್ಲ, ಗೋಡೆಯ ಮೇಲಿನ ಮಕ್ಕಳ ಫೋಟೋ ನೋಡುವುದಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಕತ್ತೆತ್ತಿ ನಿಮ್ಮ ಛತ್ತು ನೋಡುತ್ತೇನೆ. ಮೂಲೆಯಲ್ಲಿ ಒಂದು ಹಳದಿ ಕಲೆ ಕಂಡರಂತೂ ಮುಗಿಯಿತು, ಅಲ್ಲೇ ಕಣ್ಣು ನೆಟ್ಟು ಕೂರುತ್ತೇನೆ, ತಟ್ಟೆಗೆ ಬಿದ್ದದ್ದು ಏನೆಂದು ಗೊತ್ತಾಗುವುದಿಲ್ಲ. ಹೆಂಡತಿ ವಿಮಲಾ ಮೊಣಕೈಯಿಂದ ತಿವಿಯುತ್ತಾಳೆ. ಇವನಿಗೆ ಕುತ್ತಿಗೆಯ ತೊಂದರೆ ಎಂದು ಕೆಲವರು ತಿಳಿದಿದ್ದಾರೆ, ವೈರಾಗ್ಯ ಎಂದು ಕೆಲವರು. ಎರಡೂ ಅಲ್ಲ. ಸೋರುವ ಮನೆಯಲ್ಲಿ ಬೆಳೆದವನ ಅಭ್ಯಾಸ. ಸೋರದ ಮನೆಯಲ್ಲಿ ಕೂತರೂ ನನಗೆ ಸಮಾಧಾನವಿಲ್ಲ. ಇನ್ನೂ ಸೋರಿಲ್ಲ, ಅಷ್ಟೇ, ಅನ್ನಿಸುತ್ತದೆ.

ಇವತ್ತು ಬೆಳಿಗ್ಗೆ ಮೌಲಾಲಿ ಗುಡ್ಡದ ಕಡೆಯಿಂದ ಮೋಡ ಏರಿತು. ವಿಮಲಾ ಯಾರೂ ಹೇಳದೆ ಸೋರುವ ನೀರು ಹಿಡಿಯುವ ಹಿತ್ತಾಳೆ ಬೋಗುಣಿ ಕೆಳಗಿಳಿಸಿದಳು, ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ದೇವರ ಜಗಲಿಯ ಮೇಲೆ ಇಟ್ಟಳು. ದೇವರುಗಳನ್ನು ಎಡಕ್ಕೆ ಸರಿಸಿದಳು. ಲಿಂಗ, ಬಸವಣ್ಣ, ವೀರಭದ್ರ, ಅವ್ವ ತವರಿನಿಂದ ತಂದಿದ್ದ ಎಲ್ಲಮ್ಮ, ಎಲ್ಲರೂ ಮಳೆಗಾಲ ಮುಗಿಯುವವರೆಗೆ ಸಿಕಂದರಾಬಾದ್ ಬಸ್ಸಿನಲ್ಲಿ ಇನ್ನೊಬ್ಬರಿಗೆ ಜಾಗ ಮಾಡಿಕೊಟ್ಟವರ ಹಾಗೆ ಒತ್ತಿಕೊಂಡು ಕೂರಬೇಕು. ಗೊತ್ತಿಲ್ಲದೆ ಬಂದ ನೆಂಟರು ಬೋಗುಣಿಗೆ ಕೈಮುಗಿದು ಹೋದದ್ದುಂಟು. ನಾವು ತಿದ್ದಲು ಹೋಗಿಲ್ಲ. ಬೋಗುಣಿಯೂ ನಮ್ಮನ್ನು ಬಹಳ ವರ್ಷ ಕಾಪಾಡಿದೆ.

ಮೊದಲು ದೇವರುಗಳನ್ನು ಬಲಕ್ಕೆ ಸರಿಸುತ್ತಿದ್ದೆವು. ಈಗ ಎಡಕ್ಕೆ ಸರಿಸಬೇಕಾಗಿ ಬಂದದ್ದಕ್ಕೆ ನಾನೇ ಕಾರಣ. ಅದನ್ನು ಹೇಳಬೇಕೆಂದರೆ ಎಲ್ಮರ್ ಸಾಹೇಬರಿಂದ ಶುರುಮಾಡಬೇಕು, ಎಲ್ಮರ್ ಸಾಹೇಬರನ್ನು ನಾನು ಕಂಡವನಲ್ಲ.

ಕಂಡವರು ನಮ್ಮ ಸಿದ್ರಾಮ ಕಾಕಾ. ಅಪ್ಪನ ತಮ್ಮ. ಅಪ್ಪ ರೈಲ್ವೆಯಲ್ಲಿ ಗುಮಾಸ್ತನಾಗಿ ಶಹಾಬಾದ್ ಕಡೆಯಿಂದ ಹೈದರಾಬಾದಿಗೆ ಬಂದ. ಕಾಕಾ ಓದಿನಲ್ಲಿ ಜಾಣರು, ಯಾವುದೋ ವಿದ್ಯಾರ್ಥಿವೇತನ ಸಿಕ್ಕಿ ಮನೆ ಕಟ್ಟುವ ವಿದ್ಯೆ ಕಲಿಯಲು ಅಮೆರಿಕಕ್ಕೆ ಹೋದರು. ಅಮೆರಿಕ ಅಂದರೆ ನೀವು ಎಣಿಸುವ ಗಗನಚುಂಬಿಗಳ ಅಮೆರಿಕವಲ್ಲ. ನಡುನಾಡಿನ ಗೋಧಿಯ ಬಯಲು. "ನಮ್ಮ ಕಡಿ ಎರಿಹೊಲ ಇದ್ದಂಗ. ಜ್ವಾಳ ಇಲ್ಲ, ಗೋಧಿ ಐತಿ, ಅಷ್ಟ ಫರಕು" ಎಂದು ಕಾಕಾ ಹೇಳುತ್ತಿದ್ದರು. ಓದು ಮುಗಿದ ಮೇಲೆ ಅಲ್ಲಿಯ ಒಂದು ಸಣ್ಣ ಊರಿನಲ್ಲಿ ಎಲ್ಮರ್ ಎಂಬ ಆರ್ಕಿಟೆಕ್ಟ್ ಕೈಕೆಳಗೆ ಕೆಲವು ಚಳಿಗಾಲ ದುಡಿದರು.

ಎಲ್ಮರ್ ಸಾಹೇಬರು ಕಟ್ಟಿದ್ದೆಲ್ಲ ಆ ಒಂದೇ ಸೀಮೆಯಲ್ಲಿ. ಒಂದು ಬ್ಯಾಂಕು, ಶಾಲೆಗಳು, ಒಂದು ಗ್ರಂಥಾಲಯ, ಬೆಂಕಿ ಆರಿಸುವವರ ಠಾಣೆ, ಒಂದು ಚರ್ಚು, ಉಳಿದಂತೆ ರೈತರ ಮನೆಗಳು. ಅಲ್ಲಿಯ ಮಣ್ಣಿನದೇ ಇಟ್ಟಿಗೆ, ಟೋಪಿಯನ್ನು ಹುಬ್ಬಿನತನಕ ಎಳೆದುಕೊಂಡಂತೆ ತಗ್ಗಾದ ಅಗಲ ಸೂರು. ದೊಡ್ಡ ಶಹರದಿಂದ ದೊಡ್ಡ ಕೆಲಸಕ್ಕೆ ಕರೆ ಬಂದರೂ ಅವರು ಹೋಗಲಿಲ್ಲವಂತೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಗೆ ತಿರುಗಿ ಬರುವಷ್ಟು ದೂರದಲ್ಲಿ ಮಾತ್ರ ಕಟ್ಟುವುದು ಅವರ ನೇಮ. ಯಾಕೆಂದರೆ ಪ್ರತಿವರ್ಷ ಹಿಮ ಕರಗಿದ ಮೇಲೆ ಕಾರಿನ ತಲೆಗೆ ಏಣಿ ಬಿಗಿದುಕೊಂಡು, ತಾವು ಕಟ್ಟಿದ ಒಂದೊಂದೇ ಮನೆಗೆ ಹೋಗಿ, ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: ಎಲ್ಲಿ ಸೋರುತ್ತದೆ?

ಕಟ್ಟಿಕೊಟ್ಟು ಕೈ ತೊಳೆದುಕೊಂಡ ಮೇಲೆ ಮತ್ತೆ ಹೋಗಿ ಬೈಸಿಕೊಂಡು ಬರುವ ಮನುಷ್ಯ. ಕಾಕಾಗೆ ಅಮೆರಿಕದಲ್ಲಿ ಹಿಡಿಸಿದ್ದು ಇದೊಂದೇ ಇರಬೇಕು. ತಿರುಗಿ ಬಂದಾಗ ಒಂದು ಡ್ರಾಯಿಂಗ್ ಬೋರ್ಡು, ಎಲ್ಮರ್ ಸಾಹೇಬರ ಬ್ಯಾಂಕಿನ ಒಂದು ಫೋಟೋ ಮತ್ತು ಈ ಪ್ರಶ್ನೆ, ಇಷ್ಟನ್ನು ತಂದರು. ಆ ಬ್ಯಾಂಕಿನ ಫೋಟೋ ನಮ್ಮ ಪಡಸಾಲೆಯಲ್ಲಿ ಮಠದ ಸ್ವಾಮಿಗಳ ಪಕ್ಕದಲ್ಲೇ ಇದೆ. ಅವ್ವ ಇರುವವರೆಗೂ ಶುಕ್ರವಾರ ಅದಕ್ಕೂ ಒಂದು ಹೂ ಸಿಕ್ಕಿಸುತ್ತಿದ್ದಳು. ಹೂವಿಗೆ ಮಾತ್ರ ಭೇದವಿರಲಿಲ್ಲ, ಮಾತಿಗೆ ಇತ್ತು. ಮಳೆ ಬಂದ ದಿನ ಅದೇ ಫೋಟೋದ ಕಡೆ ಕೈ ಮಾಡಿ, "ಆ ಎಲ್ಮರಪ್ಪ ನಮ್ಮ ಮನಿ ಹಾಳ ಮಾಡಿದ" ಎನ್ನುತ್ತಿದ್ದಳು.

ಅವಳ ಸಿಟ್ಟಿಗೆ ಕಾರಣವಿತ್ತು. ಮಲ್ಕಾಜ್‌ಗಿರಿಯಲ್ಲಿ ಅಪ್ಪ ಜಾಗ ಕೊಂಡಾಗ ಕಾಕಾ ಆಗಷ್ಟೇ ಬಂದಿದ್ದರು. ಅವರು ಈ ನೆಲದಲ್ಲಿ ಕಟ್ಟಿದ ಮೊದಲ ಮನೆ ನಮ್ಮದು. ಅಗಲ ಸೂರು ತಂದರು, ಒಳ್ಳೆಯದೇ ಆಯಿತು, ಬಿಸಿಲು ಗೋಡೆ ಮುಟ್ಟುವುದಿಲ್ಲ. ಶಹಾಬಾದ್ ಫರಸಿಕಲ್ಲು ಹಾಸಿದರು, ಬೇಸಿಗೆಯಲ್ಲಿ ಅಂಗಾತ ಮಲಗಿದರೆ ಬೆನ್ನು ತಂಪು. ಎಲ್ಲಾ ಮುಗಿದ ಮೇಲೆ ಅಪ್ಪ ಪಡಸಾಲೆಯ ನಡುಗೋಡೆಯಲ್ಲಿ ಒಂದು ದೊಡ್ಡ ಗೂಡು ನೋಡಿದ. ಗೂಡಿನ ಮೇಲೆ ಗೋಡೆಯೊಳಗಿಂದ ಒಂದು ಕೊಳವೆ, ಅದು ಛತ್ತು ಸೀಳಿಕೊಂಡು ಎರಡಾಳೆತ್ತರ ಮೇಲೆ ನಿಂತಿದೆ.

"ಇದೇನೋ ಸಿದ್ರಾಮ?"

"ಬೆಂಕಿಗೂಡು, ಅಣ್ಣಾ. ಮನಿಗೆ ಒಂದು ನಡು ಇರಬೇಕು. ಎಲ್ಲಾರೂ ಸುತ್ತ ಕೂಡಬೇಕು. ಎಲ್ಮರ್ ಸಾಹೇಬ್ರು ಇದಿಲ್ಲದ ಮನಿ ಕಟ್ಟಿಲ್ಲ."

"ಬೆಂಕಿ ಕಾಸಾಕ ಗೂಡು ಯಾಕೋ ತಮ್ಮಾ. ಮಲ್ಕಾಜ್‌ಗಿರಿಯಾಗ ಮೇ ತಿಂಗಳು ಬರಂಗಿಲ್ಲೇನು?"

ಇಷ್ಟು ಅಂದವನು ಅಪ್ಪ, ಆಮೇಲೆ ಆ ವಿಷಯದಲ್ಲಿ ತಮ್ಮನೊಡನೆ ಮಾತೇ ಆಡಲಿಲ್ಲ. ಗೃಹಪ್ರವೇಶದ ದಿನ ಅವ್ವ ಸುತ್ತಲೂ ನೋಡಿದಳು. ದೇವರಿಗೆ ಜಗಲಿ ಮಾಡುವುದನ್ನು ಅಮೆರಿಕದಿಂದ ಬಂದ ಮೈದುನ ಮರೆತಿದ್ದರು. ಕೈಯಲ್ಲಿ ದೇವರ ಬುಟ್ಟಿ. ಕಣ್ಣ ಮುಂದೆ ಖಾಲಿ ಗೂಡು. ಹಸಿ ಅರಿವೆಯಿಂದ ಒರೆಸಿ ಎಲ್ಲರನ್ನೂ ಒಳಗೆ ಕೂರಿಸಿ, ಲೋಬಾನ ಹಾಕಿದಳು. ಹೊಗೆ ಯಾರ ಕಣ್ಣಿಗೂ ತಾಗದೆ ನೆಟ್ಟಗೆ ಮೇಲೆ ಹೋಯಿತು. ಬಂದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು.

ಕಾಕಾನ ಹೆಸರು ಹಬ್ಬಿದ್ದು ಹೀಗೆ. ರೈಲ್ವೆಯ ಮಂದಿ, ನಮ್ಮವರು, ತೆಲುಗಿನವರು, ಒಬ್ಬರಾದ ಮೇಲೆ ಒಬ್ಬರು ಬಂದು, ಹೊಗೆ ಹೋಗುವ ದೇವರಕೋಣೆಯೇ ಬೇಕು ಎಂದು ಹಟ ಹಿಡಿದರು. ಅದು ದೇವರಿಗಲ್ಲ, ಚಳಿಗೆ ಎಂದು ಕಾಕಾ ಮೊದಮೊದಲು ತಿಳಿಸಿ ಹೇಳಿದರು. ಯಾರೂ ಕೇಳಲಿಲ್ಲ. ಎಲ್ಮರ್ ಸಾಹೇಬರ ಬೆಂಕಿಗೂಡು ಮಲ್ಕಾಜ್‌ಗಿರಿಯ ಗಲ್ಲಿ ಗಲ್ಲಿಗಳಲ್ಲಿ ಜಗಲಿಯಾಗಿ ಎದ್ದಿತು. ಬಂಜಾರಾ ಹಿಲ್ಸ್‌ನಿಂದ ಬಂಗಲೆ ಕಟ್ಟಲು ಕರೆದರೆ ಕಾಕಾ ಒಲ್ಲೆ ಎಂದರು. ಅವರ ಸ್ಕೂಟರ್ ಅಷ್ಟು ದೂರದ ಏರು ಹತ್ತುತ್ತಿರಲಿಲ್ಲ, ನೇಮವೂ ಬಿಡುತ್ತಿರಲಿಲ್ಲ.

ಆದರೆ ಅಲ್ಲಿ ಬೀಳುವುದು ಹಿಮ, ಇಲ್ಲಿ ಬೀಳುವುದು ಅಡ್ಡಮಳೆ. ಕೊಳವೆಯ ತುದಿಯ ಮುಚ್ಚಳ ಇಟ್ಟಿಗೆಗೆ ಕೂಡುವ ಕೊರಳಲ್ಲಿ ಎಲ್ಲಾ ಮನೆಗಳೂ ಸೋರಿದವು. ಅದೂ ದೇವರ ನೆತ್ತಿಯ ಮೇಲೆ.

ಮೊದಲ ಮಳೆ ಬಿದ್ದ ಮೇಲೆ ಕಾಕಾ ತಿರುಗಾಟಕ್ಕೆ ಹೊರಡುತ್ತಿದ್ದರು. ಏಣಿಯನ್ನು ಸ್ಕೂಟರಿಗೆ ಕಟ್ಟಲಾಗುವುದಿಲ್ಲವಲ್ಲ, ಅದಕ್ಕೇ ತಾವು ಕಟ್ಟಿದ ಪ್ರತಿ ಮನೆಯಲ್ಲೂ ಮೆಟ್ಟಿಲ ಕೆಳಗೆ ಏಣಿ ಇಡಲು ಒಂದು ಉದ್ದನೆಯ ಸಂದು ಬಿಡುತ್ತಿದ್ದರು. ಬಾಗಿಲಲ್ಲಿ ನಿಂತು, ಟೋಪಿ ಇಲ್ಲವಾದ್ದರಿಂದ ಹೆಲ್ಮೆಟ್ ಕೈಯಲ್ಲಿ ಹಿಡಿದು, "ಎಲ್ಲಿ ಸೋರತೈತಿ?" ಎನ್ನುವರು. ಎದುರಾಡಬಾರದು, ಇದು ಎಲ್ಮರ್ ಸಾಹೇಬರ ಇನ್ನೊಂದು ನೇಮ. ಜನಕ್ಕೆ ಅಷ್ಟೇ ಸಾಕಾಗಿತ್ತು. ಸೋರಿಕೆಯಿಂದ ಹಿಡಿದು ಮಗಳ ಮದುವೆ ಮುಂದಕ್ಕೆ ಹೋದದ್ದರ ತನಕ ಎಲ್ಲ ಕಾಕಾನ ಮೇಲೆ ಹಾಕುತ್ತಿದ್ದರು. ನಮ್ಮ ಹಿಂದಿನ ಗಲ್ಲಿಯ ಅಮ್ಮ ಒಬ್ಬರು, "ಮಾ ದೇವುಡು ತಡಿಸಿಪೋಯಾಡು ಸಾರ್" ಎಂದು ತಮ್ಮ ನೆನೆದ ವೆಂಕಟೇಶ್ವರನ ಪಟವನ್ನು ಸೆರಗಿನಲ್ಲಿ ಒರೆಸುತ್ತಲೇ ತಂದು ಕೈಗೆ ಕೊಟ್ಟರಂತೆ. ಕಾಕಾ ಪಟಕ್ಕೆ ನಮಸ್ಕಾರ ಮಾಡಿ, ಅಮ್ಮನಿಗೂ ಮಾಡಿ, ಡಾಂಬರಿನ ಡಬ್ಬಿ ಹಿಡಿದು ಏಣಿ ಏರಿದರು. ಇಳಿದು ಬಂದಾಗ ಅದೇ ಅಮ್ಮ ಪೆಸರಟ್ಟು ಹಾಕಿಕೊಟ್ಟರು.

ನಮ್ಮ ಮನೆಗೆ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದರು. ಬೆಂಕಿಗೂಡಿನ ಮಾತು ಬಿಟ್ಟಿದ್ದ ಅಪ್ಪ ಆವತ್ತು ಒಂದು ದಿನ ಬಾಯಿ ಬಿಡುತ್ತಿದ್ದ. ಸೋರಿಕೆಯ ವರದಿಯನ್ನು ರೈಲ್ವೆಯ ಮೇಲಧಿಕಾರಿಗೆ ಒಪ್ಪಿಸುವ ಗತ್ತಿನಲ್ಲಿ ಒಪ್ಪಿಸುತ್ತಿದ್ದ. ಅವ್ವ ಮಾತ್ರ ಮೈದುನನ ಮುಖ ಸಣ್ಣದಾದದ್ದು ಕಂಡು, "ಹೋಗ್ಲಿ ಬಿಡ್ರಿ, ಶಿವಗ ತಾನ ಅಭಿಷೇಕ ಆಗತೈತಿ, ಪೂಜಾರಿ ಖರ್ಚು ಇಲ್ಲ" ಎನ್ನುತ್ತಿದ್ದಳು. ಮೈದುನನ ಎದುರಿಗೆ ಎಲ್ಮರಪ್ಪನನ್ನು ಬೈದವಳಲ್ಲ. ನನ್ನ ಕೆಲಸ ಕತ್ತೆತ್ತಿ ನೋಡುತ್ತ ನಿಲ್ಲುವುದು. ಕಾಕಾ ಬೀಳುತ್ತಾರೆ ಎಂಬ ಹೆದರಿಕೆ ನನಗೆ ಆಗಲೇ ಇತ್ತು. ಹೆದರಿಕೆಯಲ್ಲಿ ನಾನು ಬಹಳ ಬೇಗ ದೊಡ್ಡವನಾದೆ.

ಅಪ್ಪ ಹೋದ. ಅವ್ವ ಹೋದಳು. ದೂರು ಒಪ್ಪಿಸುವ ಹುದ್ದೆ ನನಗೆ ಬಂತು, ಅಪ್ಪನಂತೆಯೇ ರೈಲ್ವೆ ಗುಮಾಸ್ತನ ಒಂದು ಕುರ್ಚಿಯ ಜೊತೆಗೆ. ಕಾಕಾ ಕಟ್ಟಿದ ಮನೆಗಳೂ ಒಂದೊಂದೇ ಹೋದವು. ರಾಜಧಾನಿ ಎಂದ ಮೇಲೆ ಎಲ್ಲಾ ಜಿಲ್ಲೆಗಳ ಜನರೂ ಇಲ್ಲಿಗೇ ಬರಬೇಕು, ಬಂದವರಿಗೆಲ್ಲ ಒಂದೊಂದು ಫ್ಲಾಟ್ ಬೇಕು. ಬಿಲ್ಡರುಗಳು ನಮ್ಮ ಗೇಟಿಗೂ ಬಂದು ಹೋಗುತ್ತಾರೆ. ಕೊಡಬೇಕೋ ಬೇಡವೋ ಎಂದು ಯೋಚಿಸಿ ಯೋಚಿಸಿ ಸುಸ್ತಾಗಿ ಸುಮ್ಮನಾಗಿದ್ದೇನೆ. ಮನೆ ಉಳಿದಿರುವುದು ನನ್ನ ಅಭಿಮಾನದಿಂದಲ್ಲ, ದಣಿವಿನಿಂದ.

ಕಾಕಾ ಈಗ ಅಮೀರ್‌ಪೇಟ್‌ನಲ್ಲಿ ಮಗಳು ಸುಧಾ ಮನೆಯಲ್ಲಿದ್ದಾರೆ. ಕೆಳಗಿನ ಅಂತಸ್ತಿನ ತುಂಬ ಕಂಪ್ಯೂಟರ್ ಕಲಿಸುವ ತರಗತಿಗಳು. ಮಳೆ ಬಿದ್ದ ಮೇಲೆ ಕಾಕಾಗೆ ತಿರುಗಲು ಕೊನೆಗೆ ಉಳಿದಿದ್ದದ್ದು ನಮ್ಮ ಮನೆ ಮತ್ತು ಸ್ಟೇಷನ್ ಹತ್ತಿರದ ಇನ್ನೊಂದು. ಹೋದ ವರ್ಷ ಮಳೆಗಾಲಕ್ಕೆ ಮೊದಲೇ ಆ ಇನ್ನೊಂದೂ ಬಿಲ್ಡರನ ಕೈಗೆ ಬಿತ್ತು. ಬೀಳುವ ಮೊದಲಿನ ಮಳೆಗಾಲದಲ್ಲಿ ಕಾಕಾ ಅಲ್ಲಿಯ ಏಣಿಯಿಂದ ಜಾರಿದ್ದರು. ಕೆಳಗಿನ ಮೆಟ್ಟಿಲಿಂದಲೇ ಜಾರಿದ್ದು, ಆದರೂ ಸೊಂಟ ಹಿಡಿದು ಬಹಳ ದಿನ ಮಲಗಿದರು. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಹೋದ ವರ್ಷ ಮೊದಲ ಮಳೆ ಬಿದ್ದ ಮರುದಿನ ಸುಧಾ ಫೋನ್ ಮಾಡಿದಳು.

"ಅಣ್ಣಾ, ಅಪ್ಪ ನಾಳೆ ನಿಮ್ಮ ಮನಿಗೆ ಬರ್ತಾರಂತ. ನಿಂದ್ರಸಾಕ ನನ್ನ ಕೈಲೆ ಆಗಂಗಿಲ್ಲ. ನೀ ಒಂದು ಉಪಕಾರ ಮಾಡು. ಎಲ್ಲೂ ಸೋರಂಗಿಲ್ಲ ಅಂತ ಹೇಳಿಬಿಡು."

"ಸೋರತೈತಲ್ಲವ್ವಾ."

"ಸೋರಲಿ. ಸೋರತೈತಿ ಅಂದಿ ಅಂದ್ರ ಏರ್ತಾರ. ಏರಿದ್ರ ಬೀಳ್ತಾರ. ಮುಂದ ನಾ ಏನು ಮಾಡ್ಲಿ ಹೇಳು."

ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಹೇಳಿದರೆ ವಿಮಲಾ ನಗುತ್ತಾಳೆ, ಉಳಿದ ದಿನ ಬಂದಿತ್ತೇ ಎಂದು. ಮರುದಿನ ಪ್ರತ್ಯೇಕ ರಾಜ್ಯ ಬೇಕೆಂಬ ಬಂದ್. ಬಸ್ಸಿಲ್ಲ, ಆಟೋ ಇಲ್ಲ. ಕಾಕಾ ಬರಲಾರರು, ಸುಳ್ಳು ಹೇಳುವ ಪ್ರಸಂಗ ತಪ್ಪಿತು ಎಂದುಕೊಂಡೆ. ಆದರೂ ಇರಲಿ ಎಂದು ಏಣಿಯನ್ನು ಮೆಟ್ಟಿಲ ಸಂದಿನಿಂದ ಎಳೆದು ಪಕ್ಕದ ಮನೆಯವರ ಹಿತ್ತಲಿನಲ್ಲಿ ಇಟ್ಟುಬಂದೆ. ಬೋಗುಣಿ ಅಡಗಿಸಿದೆ. ಜಗಲಿಯ ನೀರು ಒರೆಸಿದೆ. ವಿಮಲಾ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಕಳ್ಳತನ ಮಾಡೋ ಮುಖ ಅಲ್ರಿ ನಿಮ್ಮದು. ಕಾಕಾ ಬಂದ ಕೂಡ್ಲೆ ನೀವ ಎಲ್ಲಾ ಹೇಳಿಬಿಡ್ತೀರಿ."

"ನೀ ಸುಮ್ನಿರು. ಸುಳ್ಳು ಮನಸಿನಾಗ ಬಾಯಿಪಾಠ ಮಾಡಾಕತ್ತೀನಿ."

ಗೇಟಿನ ಸದ್ದಾಯಿತು. ಯಾರದೋ ಮೋಟರ್ ಸೈಕಲ್ಲಿನ ಹಿಂದೆ ಕೂತು ಕಾಕಾ ಬಂದೇಬಿಟ್ಟಿದ್ದರು. ಕೆಳಗಿನ ತರಗತಿಗೆ ಬರುವ ಒಬ್ಬ ಹುಡುಗನನ್ನು ಮಾತಾಡಿಸಿ ಒಪ್ಪಿಸಿದ್ದರಂತೆ. ಸ್ಕೂಟರ್ ಬಿಟ್ಟು ಕಾಲವಾಗಿದ್ದರೂ ಹೆಲ್ಮೆಟ್ ಕೈಯಲ್ಲಿತ್ತು. ಹೊಸ್ತಿಲ ಹೊರಗೇ ನಿಂತರು.

"ಎಲ್ಲಿ ಸೋರತೈತಿ?"

"ಎಲ್ಲೂ ಇಲ್ರಿ ಕಾಕಾ" ಅಂದೆ. ದನಿ ಸರಿಯಾಗೇ ಬಂತು. "ಈ ಸಲ ಒಂದು ಹನಿನೂ ಇಲ್ಲ."

ಕಾಕಾ ನನ್ನ ಮುಖ ನೋಡಲಿಲ್ಲ. ಛತ್ತನ್ನೂ ನೋಡಲಿಲ್ಲ. ಒಳಗೆ ಬಂದು ಜಗಲಿಯ ಮುಂದೆ ನಿಂತು ಕೈಮುಗಿದರು. ಮುಗಿದ ಕೈ ಹಾಗೇ ಇತ್ತು, ಕಣ್ಣು ತೆರೆದವು.

"ಹಂಗಾರ ದೇವರು ಯಾಕ ಸರದು ಕುಂತಾರ?"

ನೋಡಿದೆ. ಬೋಗುಣಿ ತೆಗೆದಿದ್ದೆ, ದೇವರುಗಳನ್ನು ನಡುವಿಗೆ ತರುವುದು ಮರೆತಿದ್ದೆ. ಲಿಂಗ, ಬಸವಣ್ಣ, ವೀರಭದ್ರ, ಎಲ್ಲಮ್ಮ, ನಾಲ್ವರೂ ಬಲಗೋಡೆಗೆ ಒತ್ತಿಕೊಂಡು ಕೂತಿದ್ದಾರೆ. ನಡುವೆ ಬೋಗುಣಿಯ ದುಂಡನೆ ಗುರುತು. ಮಳೆಗಾಲಕ್ಕೆ ದೇವರು ಹಾಗೇ ಕೂರುವುದು ಎಂದು ಹುಟ್ಟಿದಾಗಿನಿಂದ ನೋಡಿದವನಿಗೆ ಅದು ಕಣ್ಣಿಗೆ ಬೀಳುವುದಾದರೂ ಹೇಗೆ? ಹಿಂದಿನಿಂದ ವಿಮಲಾ ಸೆರಗು ಬಾಯಿಗೆ ಹಿಡಿದು ನಕ್ಕದ್ದು ಕೇಳಿಸಿತು.

ಕಾಕಾ ಕುರ್ಚಿಯ ಮೇಲೆ ಕೂತು ಮೊಣಕಾಲು ನೀವಿಕೊಂಡರು. "ಸುಧಾ ಹೇಳಿದಳೇನು?"

"ಹೌದ್ರಿ."

"ಎಲ್ಮರ್ ಸಾಹೇಬ್ರಿಗೂ ಹಿಂಗ ಮಾಡಿದ್ರು. ನಾ ಅಲ್ಲಿದ್ದ ಕಡೀ ವರ್ಷ. ಹೋದ ಮನಿಯಾಗೆಲ್ಲ ಒಂದ ಮಾತು, ಎಲ್ಲೂ ಸೋರಂಗಿಲ್ಲ, ಎಲ್ಲೂ ಸೋರಂಗಿಲ್ಲ. ಜನಾ ಬೈಯೋದು ಬಿಟ್ರು ಅಂದ್ರ ತಿಳ್ಕೋ, ನಮ್ಮನ್ನ ಮುದುಕರ ಲೆಕ್ಕದಾಗ ಹಾಕ್ಯಾರ."

"ಚಾ ಕುಡೀತೀರೇನ್ರಿ" ಅಂದೆ.

"ಮರುದಿನ ಅದ ಮನಿಗೋಳಿಗೆ ಮತ್ತ ಹೋದ್ವಿ. ಏಣಿ ನನ್ನ ಕೈಯಾಗ ಕೊಟ್ರು. ನೀ ಏರು, ನಾ ಹಿಡಿತೀನಿ ಅಂದ್ರು." ಕಾಕಾ ಎದ್ದರು. "ಏಣಿ ಎಲ್ಲಿ ಬಚ್ಚಿಟ್ಟಿ, ತಗೊಂಡ ಬಾ."

ಎತ್ತರದ ವಿಷಯದಲ್ಲಿ ನನ್ನ ಸ್ಥಿತಿ ನಿಮಗೆ ಗೊತ್ತಿಲ್ಲ. ಪಾದಚಾರಿ ಸೇತುವೆಯ ಮೇಲೆ ಕೂಡ ನಾನು ನಡುವಲ್ಲೇ ನಡೆಯುವವನು. ಪಕ್ಕದ ಮನೆಯ ಹಿತ್ತಲಿನಿಂದ ಏಣಿ ಹೊತ್ತು ತರುವಾಗ ಆ ಮನೆಯಾಕೆ, ಬೆಳಿಗ್ಗೆ ತಾನೇ ಇಟ್ಟಿರಲ್ಲ ಎಂದು ತೆಲುಗಿನಲ್ಲಿ ಕೇಳಿದರು. ಬಿಸಿಲಿಗೆ ಹಾಕಿದ್ದೆ ಅಂದೆ. ಆಕಾಶ ಪೂರ್ತಿ ಮೋಡವಾಗಿತ್ತು.

ಮಾಳಿಗೆಗೆ ಹೊರಗಿನಿಂದ ಕಲ್ಲಿನ ಮೆಟ್ಟಿಲುಗಳಿವೆ. ಕಾಕಾ ನನ್ನ ಭುಜ ಹಿಡಿದು, ನಿಂತು ನಿಂತು ಹತ್ತಿದರು. ಚಿಮಣಿಗೆ ಏಣಿ ಒರಗಿಸಿ ಬುಡವನ್ನು ಎರಡೂ ಕೈಯಲ್ಲಿ ಹಿಡಿದರು. ಎಂಬತ್ತು ದಾಟಿದವರು ಹಿಡಿದ ಏಣಿಯನ್ನು ಐವತ್ತು ದಾಟಿದವನು ಡಾಂಬರಿನ ಡಬ್ಬಿಯೊಡನೆ ಏರಿದ. ಎತ್ತರ ಹೆಚ್ಚೇನೂ ಇಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ಇರಬಹುದು.

ಕೊಳವೆಯ ಕೊರಳ ಸುತ್ತ ಡಾಂಬರು. ಅದರ ಕೆಳಗೆ ಬಿರುಕು ಬಿಟ್ಟ ಹಳೆ ಡಾಂಬರು, ಅದರ ಕೆಳಗೆ ಸುಣ್ಣದ ಗಾರೆ, ಅದರಲ್ಲಿ ಮುಳುಗಿದ ಒಂದು ಗೋಣಿತಟ್ಟು. ಪದರದ ಮೇಲೆ ಪದರ. ನನ್ನ ಬಾಲ್ಯದ ಮಳೆಗಾಲಗಳೆಲ್ಲ ಅಲ್ಲಿ ಒಂದರ ಮೇಲೊಂದು ಮೆತ್ತಿಕೊಂಡಿದ್ದವು. ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಕೆಳಗೆ ನಿಂತು ಛತ್ತು ನೋಡುವುದೊಂದೇ ನನಗೆ ಗೊತ್ತಿದ್ದದ್ದು.

"ಅಲ್ಲಿಂದ ನಾ ಕಟ್ಟಿದ ಮನಿ ಎಷ್ಟು ಕಾಣತಾವ?" ಕೆಳಗಿನಿಂದ ಕಾಕಾ ಕೇಳಿದರು.

ಕತ್ತೆತ್ತಿದೆ. ರೈಲ್ವೆ ಲೈನಿನತನಕ ಅಪಾರ್ಟ್‌ಮೆಂಟುಗಳು, ಅವುಗಳ ತಲೆಯ ಮೇಲೆ ಕರಿ ನೀರಿನ ಟಾಂಕಿಗಳು. ಹಿಂದಿನ ಗಲ್ಲಿಯ ಅಮ್ಮನ ಚಿಮಣಿ ಇದ್ದ ಕಡೆ ಮೊಬೈಲಿನ ಟವರು. ಒಂದೆರಡು ಕಾಣುತ್ತವೆ ಎಂದು ಹೇಳಬಹುದಿತ್ತು, ಅವರು ಏರಿ ಬಂದು ನೋಡುವ ಹಾಗಿರಲಿಲ್ಲ. ಆದರೆ ಆವತ್ತಿನ ಸುಳ್ಳು ಖರ್ಚಾಗಿ ಹೋಗಿತ್ತು.

"ಒಂದೂ ಇಲ್ರಿ ಕಾಕಾ."

ಕಾಕಾ ಏಣಿಯ ಬುಡವನ್ನು ಇನ್ನೊಮ್ಮೆ ಬಿಗಿಯಾಗಿ ಹಿಡಿದರು.

"ನೀ ಹಿಡಕೊಂಡು ನಿಂತದ್ದು?"

"ಇದೊಂದು ಐತ್ರಿ."

"ಒಂದು ಆತಲ್ಲ. ಎಲ್ಲಿ ಸೋರತೈತಿ, ಹೇಳು."

ಹೇಳಿದೆ. ಅಪ್ಪನ ಗತ್ತಿನಲ್ಲೇ ಒಂದೊಂದಾಗಿ ಒಪ್ಪಿಸಿದೆ: ಈ ಮೂಲೆಯಲ್ಲಿ ಬಾಯಿ ಬಿಟ್ಟಿದೆ, ಆ ಕಡೆ ಇಟ್ಟಿಗೆ ಸಡಿಲವಿದೆ, ಕೊಳವೆಯ ಕೊರಳಿಗೆ ಬೆರಳು ಹೋಗುತ್ತದೆ. ಕಾಕಾ ಒಂದಕ್ಕೂ ಎದುರಾಡಲಿಲ್ಲ. ಮೊದಲು ಕೆರಿ, ಆಮ್ಯಾಲೆ ಹಚ್ಚು, ಗಾಳಿ ಹೋಗದಂಗ ಒತ್ತು ಎಂದು ಕೆಳಗಿನಿಂದ ಹೇಳಿದರು. ಕೆರೆದೆ, ಹಚ್ಚಿದೆ, ಒತ್ತಿದೆ. ಮುಗಿದ ಮೇಲೆ ತಿಳಿಯಿತು, ಏರುವುದು ಬೇರೆ, ಇಳಿಯುವುದು ಬೇರೆ. ಕಾಲು ಕೆಳಗಿನ ಮೆಟ್ಟಿಲು ಹುಡುಕಲು ಒಪ್ಪಲಿಲ್ಲ. ಚಿಮಣಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಂತೆ. ವಿಮಲಾ ಚಹಾ ತಂದಳು. ಒಂದು ಕೈ ಏಣಿಯ ಮೇಲಿಟ್ಟು ಕಾಕಾ ಬಸಿಯಲ್ಲಿ ಸುರಿದುಕೊಂಡು ನಿಧಾನವಾಗಿ ಕುಡಿದರು.

"ಅವಸರ ಬ್ಯಾಡ" ಎಂದರು. "ನಾನೂ ಆವತ್ತು ಹಂಗ ನಿಂತಿದ್ದೆ. ಎಲ್ಮರ್ ಸಾಹೇಬ್ರು ಬುತ್ತಿ ಬಿಚ್ಚಿ ಪೂರ್ತಿ ಉಂಡ್ರು."

ಸಂಜೆ ಸುಧಾಗೆ ಫೋನ್ ಮಾಡಿ, ಕಾಕಾ ಏರಲಿಲ್ಲ ಎಂದು ಹೇಳಿದೆ. ಅದು ನಿಜವಾಗಿತ್ತು. ಮತ್ತೊಂದು ಮಳೆ ಬಿದ್ದಾಗ ಬೋಗುಣಿಗೆ ಒಂದು ಹನಿಯೂ ಬೀಳಲಿಲ್ಲ. ನಾನು ಎಷ್ಟೋ ವರ್ಷದ ಮೇಲೆ ಸ್ವಲ್ಪ ಹೆಮ್ಮೆಪಟ್ಟೆ. ಆಗ ವಿಮಲಾ ಕರೆದಳು. ನಡುವಿನ ಸೋರಿಕೆ ನಿಂತು ಬಲಕ್ಕೆ ಸರಿದಿತ್ತು. ಕಾಪಾಡಲೆಂದು ಬಲಕ್ಕೆ ಕೂರಿಸಿದ್ದ ಬಸವಣ್ಣನ ನೆತ್ತಿಯ ಮೇಲೆ ನೆಟ್ಟಗೆ ಸುರಿಯುತ್ತಿತ್ತು.

ಕಾಕಾಗೆ ಫೋನ್ ಹಚ್ಚಿದೆ. ಬಲಕ್ಕೆ ಎಂದು ಕೇಳಿದ ಕೂಡಲೇ ಅವರ ದನಿ ಎದ್ದಿತು.

"ಬಲಕ್ಕ ನಾ ಎಂದೂ ಸೋರಿಸಿಲ್ಲಪಾ. ಅದು ನಿಂದು."

ಈಗ ಮೌಲಾಲಿ ಗುಡ್ಡ ಕಾಣದಷ್ಟು ಮೋಡ ಇಳಿದಿದೆ. ಏಣಿ ತನ್ನ ಸಂದಿನಲ್ಲೇ ಇದೆ. ನಾಳೆಯೋ ನಾಡಿದ್ದೋ ಗೇಟಿನ ಸದ್ದಾಗುತ್ತದೆ. ಕಾಕಾ ಹೆಲ್ಮೆಟ್ ಹಿಡಿದು ಹೊಸ್ತಿಲ ಹೊರಗೆ ನಿಲ್ಲುತ್ತಾರೆ. ಹೋದ ವರ್ಷದಿಂದ ಅವರ ಪ್ರಶ್ನೆಯಲ್ಲಿ ಒಂದು ಮಾತು ಹೆಚ್ಚಾಗಿದೆ.

"ನಿಂದು ಎಲ್ಲಿ ಸೋರತೈತಿ?"